ಉಂಡ್ಯಾ ಅನ್ನುವ ಫೋನು

ಬಿನ್ ಮಹಮೂದ್ ಬಡಾವಣೆಯ ಹಳೇ ಕಟ್ಟಡವೊಂದರಲ್ಲಿ ಲಕ್ಕವ್ವನ ಮನೆ. ಪಡಸಾಲೆಯ ಮೂಲೆಯಲ್ಲಿ ಒಂದು ತಂತಿ ಫೋನು, ಅದರ ಮೇಲೆ ಆಕೆಯೇ ಹೆಣೆದ ಕೆಂಪು ದಾರದ ಹೊದಿಕೆ. ಹುನಗುಂದದ ಕಡೆಯ ಹೆಣ್ಣುಮಗಳು. ಕಡಲು ದಾಟಿ ಕತಾರಿನ ಈ ದೋಹಾಕ್ಕೆ ಬಂದರೂ ತಲೆಯ ಮೇಲಿನ ಸೆರಗು ಜಾರಿಲ್ಲ, ರೊಟ್ಟಿ ಬಡಿಯುವ ಸಪ್ಪಳ ನಿಂತಿಲ್ಲ, ಗಂಡನ ಹೆಸರು ಬಾಯಿಂದ ಹೊರಬಿದ್ದಿಲ್ಲ. "ಏನ್ರೀ", "ನಮ್ಮ ಮನಿಯವರು", ಬಹಳಾದರೆ "ಸೋಮನಾಥನ ಅಪ್ಪ". ಇಷ್ಟರಲ್ಲೇ ಇಡೀ ಸಂಸಾರ ಎಳೆದ ಗಟ್ಟಿಗಿತ್ತಿ.

ಗಂಡ ಈರಯ್ಯ ರಾಸ್ ಲಫಾನಿನ ಒಂದು ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಕಿಡಿಯ ಭಯದಿಂದ ಅಲ್ಲಿ ಮೊಬೈಲನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು. ಒಳಗಿನ ಟೇಬಲ್ ಫೋನಿನಿಂದ ಮನೆಯ ತಂತಿ ಫೋನಿಗೆ ಮಾತ್ರ ಕರೆ ಹತ್ತುತ್ತದೆ, ಮೊಬೈಲಿಗೆ ಇಲ್ಲ. ಹಗಲು ಪಾಳಿಯಿದ್ದಾಗ ಊಟದ ಬಿಡುವಿನಲ್ಲಿ ಈರಯ್ಯ ಫೋನು ಹಚ್ಚುತ್ತಾನೆ.

"ಉಂಡ್ಯಾ?"

"ಹೂಂರಿ. ನೀವು?"

"ಇನ್ನ ಉಣ್ಣಬೇಕು."

ಖಟ್. ಮುಗಿಯಿತು. ಲಕ್ಕವ್ವನ ಆ "ಹೂಂ" ದಿನದಿನದ ಸುಳ್ಳು. ಆ ಕರೆ ಬಂದು ಹೋದ ಮೇಲೆಯೇ ಆಕೆಗೆ ತುತ್ತು ಇಳಿಯುವುದು.

ಮಗ ಸೋಮನಾಥ, ಸೊಸೆ ಸೀಮಾ ಇರುವುದು ಅದೇ ಊರಿನ ಅಲ್ ಸದ್ದ್ ಬಡಾವಣೆಯಲ್ಲಿ. ಅತ್ತೆಯ ಮನೆಯ ಬಿಲ್ಲುಗಳನ್ನೂ ನೋಡಿಕೊಳ್ಳುವವಳು ಸೀಮಾ. ಒಂದು ಶುಕ್ರವಾರ ಬಂದವಳು ಫೋನಿನ ಹೊದಿಕೆ ಎತ್ತಿ ನೋಡಿ ಅಂದಳು, "ಅತ್ತಿ, ಈ ಡಬ್ಬಿ ಇನ್ನೂ ಯಾಕ್ರಿ? ಒಂದ್ 'ಉಂಡ್ಯಾ' ಅನ್ನೂದಕ್ಕ ತಿಂಗಳಾ ಬಾಡಿಗಿ ಕಟ್ಟತೀರಿ. ಆ ರೊಕ್ಕದಾಗ ಹೋಟೆಲ್‌ನ್ಯಾಗ ಉಂಡು ಬರಬಹುದಲ್ರಿ!"

"ಹೋಟೆಲಿನವ ಉಂಡ್ಯಾ ಅಂತ ಕೇಳೂದಿಲ್ಲವಾ. ಬಿಲ್ ಕೊಟ್ಯಾ ಅಂತ ಕೇಳತಾನ."

ಸೀಮಾ ನಕ್ಕಳು, ಆದರೆ ಪಟ್ಟು ಬಿಡಲಿಲ್ಲ. "ರೊಕ್ಕ ಹಾಳಾಗಿ ಹೋಗಲಿ. ನಮ್ಮ ಕಡೀ ಹೆಣ್ಮಕ್ಕಳೆಲ್ಲ ಮಧ್ಯಾಹ್ನ ನಮ್ಮನ್ಯಾಗ ಕೂಡತೀವಿ. ಹುಡುಗ್ಯಾರಿಗೆ ಒಡಪು ಕಲಿಸಬರ್ರಿ ಅಂತ ಕರದು ಕರದು ಸಾಕಾತು. ನೀವು ಈ ಡಬ್ಬಿ ಕಾವಲು ಬಿಟ್ಟು ಏಳವಲ್ರಿ."

ಗಂಡನ ಹೆಸರನ್ನು ನೇರ ಹೇಳಲಾಗದ ಹೆಣ್ಣುಮಕ್ಕಳು ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಅಡಗಿಸಿಟ್ಟು ಹೇಳುವುದೇ ಒಡಪು. ಮದುವೆಯಾದ ಹೊಸತರಲ್ಲಿ ಲಕ್ಕವ್ವ ಒಡಪು ಹೇಳಲು ನಿಂತರೆ ಓಣಿಯ ಹೆಂಗಸರು ಒಲೆಯ ಮೇಲಿನ ಹಾಲು ಮರೆತು ಬರುತ್ತಿದ್ದರು. ಆಮೇಲೆ ಕೇಳುವವರೂ ಇಲ್ಲ, ಹೇಳುವ ಹೊತ್ತೂ ಇಲ್ಲ.

ಲಕ್ಕವ್ವ ಅಲ್ಲೇ ಕೂತಿದ್ದ ಗಂಡನ ಮುಖ ನೋಡಿದಳು. ಆತ ಟೀವಿಯಿಂದ ಕಣ್ಣು ಕೀಳಲಿಲ್ಲ. "ತೆಗಸಿಬಿಡು ಸೀಮಾ. ಎದಕ್ಕ ಬೇಕು."

ಆಕೆಯ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಹಾಗಾದರೆ ಆ ಮಾತು ಬೇಕಾಗಿದ್ದು ತನಗೊಬ್ಬಳಿಗೇ ಏನು? ಸೀಮಾ ಕೂತಲ್ಲೇ ಮೊಬೈಲಿನಲ್ಲಿ ಲೈನು ಕಡಿಯಲು ಅರ್ಜಿ ಒತ್ತಿದಳು. ಮರುದಿನದಿಂದ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಈರಯ್ಯನ ತಾಟಿಗೆ ಹರಿದ ರೊಟ್ಟಿಗಳೇ ಬಿದ್ದವು. ಆತ ಅವನ್ನೇ ತಿಂದೆದ್ದ.

ಈರಯ್ಯನಿಗೆ ರಜೆಯಿದ್ದ ದಿನ. ಜೋಳದ ಹಿಟ್ಟು ತರಲು ಆತ ಅಂಗಡಿಗೆ ಇಳಿದಿದ್ದ. ಫೋನು ಬಡಿದುಕೊಂಡಿತು. ಎತ್ತಿದರೆ ಆಚೆ ಕಡೆ ಒಬ್ಬ ಹುಡುಗಿ ಹಿಂದಿಯಲ್ಲಿ ಗಡಗಡ ಮಾತಾಡಿದಳು.

"ಅಯ್ಯ ಶಿವನ, ಏನಂತಾಳೋ ಇಕಿ!"

"ಅಮ್ಮಾ, ನೀವು ಕನ್ನಡದವರಾ? ನಾನು ಎಡ್ನಾ, ಉಡುಪಿಯವಳು. ಫೋನ್ ಕಂಪನಿಯಿಂದ. ಇವತ್ತು ನಿಮ್ಮ ಲೈನ್ ಕಟ್ ಮಾಡ್ಲಿಕ್ಕೆ ಉಂಟಲ್ಲ?"

"ಬ್ಯಾಡವಾ, ಬ್ಯಾಡ!" ಯೋಚಿಸುವ ಮೊದಲೇ ಮಾತು ಜಿಗಿದಿತ್ತು.

"ಹಾಗಾದ್ರೆ ಅರ್ಜಿ ವಾಪಸ್ ತೆಗೀತೇನೆ. ಲೈನ್ ಯಾರ ಹೆಸರಲ್ಲಿ ಉಂಟು?"

"ನಮ್ಮ ಮನಿಯವರದು."

"ಹೆಸರು ಅಮ್ಮಾ."

"ಸೋಮನಾಥನ ಅಪ್ಪಂದು."

"ಸೋಮನಾಥ ಅಂತ ಹಾಕ್ಲಾ?"

"ಅಯ್ಯ, ಅವ ನನ್ನ ಮಗಾ!"

"ನಿಮ್ಮ ಗಂಡನಿಗೆ ಹೆಸರೇ ಇಲ್ವಾ ಮಾರಾಯ್ರೇ?"

"ಐತಿ. ನಾ ಹೇಳಂಗಿಲ್ಲ."

"ಹೇಳದಿದ್ರೆ ಲೈನ್ ಖಲಾಸ್ ಅಮ್ಮಾ. ನಾನೆಂತ ಮಾಡ್ಲಿ?"

ಲಕ್ಕವ್ವ ಬಾಗಿಲ ಕಡೆ ಬೆನ್ನು ಮಾಡಿದಳು, ಸೆರಗು ಸರಿಪಡಿಸಿಕೊಂಡಳು. ಕಣ್ಣು ಮುಚ್ಚಿದರೆ ಆ ಓಣಿ, ಆ ಹೆಂಗಸರು. ಒಂದೇ ಉಸಿರಿಗೆ ಹೇಳಿದಳು:

"ರಾಸ್ ಲಫಾನದಾಗ ದುಡಿಮಿ, ದಿನಾ ತಪ್ಪದ ನೇಮ,
ಫೋನ್ ಹಚ್ಚಿ ಉಂಡ್ಯಾ ಅಂತಾರ, ಈರಯ್ಯನವರ ಪ್ರೇಮ!"

ಆ ಕಡೆ ಕಿಲಕಿಲ ನಗು. "ಅಬ್ಬಾ! ಪ್ರೇಮವನ್ನು ಸಿಸ್ಟಮ್‌ನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ ಅಮ್ಮಾ. ಈರಯ್ಯ ಅಂತ ಮಾತ್ರ ಹಾಕ್ತೇನೆ. ನಿಮ್ಮ ಲೈನ್ ಉಳೀತು."

ಫೋನಿಟ್ಟು ತಿರುಗಿದರೆ ಹಿಟ್ಟಿನ ಚೀಲ ಹೊತ್ತ ಈರಯ್ಯ ಹೊಸ್ತಿಲಲ್ಲಿ ಗೂಟ ಹೊಡೆದಂತೆ ನಿಂತಿದ್ದ.

"ಏನಂದಿ? ಇನ್ನೊಮ್ಮಿ ಅನ್ನು."

"ನಾ ಏನೂ ಅಂದಿಲ್ಲ. ನಿಮಗ ಬ್ಯಾಡಾಗಿತ್ತು, ನನಗ ಬೇಕಾಗಿತ್ತು. ಉಳಿಸಿಕೊಂಡೆ."

"ನನಗ ಬ್ಯಾಡಾಗಿತ್ತು ಅಂತ ಯಾರಂದ್ರು?" ಈರಯ್ಯ ಚೀಲ ಇಳಿಸಿದ. "ನಿನ್ನ 'ಹೂಂರಿ' ಕೇಳಿದ ಮ್ಯಾಲನ ನಾ ಬುತ್ತಿ ಬಿಚ್ಚೂದು. ಆದರ ನೀ ಅದರ ಸಲುವಾಗಿ ಎಲ್ಲೂ ಹೋಗದ ಕುಂದರತಿ. ಹಗ್ಗ ಇಲ್ದನ ನಿನ್ನ ಗೂಟಕ್ಕ ಕಟ್ಟೀನಲ್ಲ ಅನಸ್ತು. ಅದಕ್ಕ ತೆಗಸು ಅಂದೆ."

ಲಕ್ಕವ್ವ ಸೆರಗಿನ ತುದಿ ಹೊಸೆಯುತ್ತ ನಿಂತಳು. ಈರಯ್ಯನೇ ಅಂದ, "ಇರಲಿ ಬಿಡು ಫೋನು. ನಾ ಹಚ್ಚೂದು ಹಚ್ಚತೀನಿ. ನೀ ಎತ್ತಲಿಲ್ಲ ಅಂದ್ರ, ಉಂಡು ಒಡಪು ಹೇಳಾಕ ಹೋಗ್ಯಾಳ ಅಂತ ತಿಳಕೊಂಡು ಬುತ್ತಿ ಬಿಚ್ಚತೀನಿ."

"ಮತ್ತ ಬಾಡಿಗಿ?"

"ಇಷ್ಟು ವರ್ಷದ ಮ್ಯಾಲ ನಿನ್ನ ಬಾಯಾಗ ನನ್ನ ಹೆಸರು ಕೇಳಿದೆ. ತುಟ್ಟಿ ಆಗಲಿಲ್ಲ ಬಿಡು."

ಆವತ್ತಿನ ರೊಟ್ಟಿ ಒಂದೂ ಹರಿಯಲಿಲ್ಲ.

ಮುಂದಿನ ವಾರ ಹಗಲು ಪಾಳಿ. ಲಕ್ಕವ್ವ ಇಲಕಲ್ ಸೀರೆ ಉಟ್ಟು, ಹೊತ್ತಿಗೆ ಮುಂಚೆಯೇ ಎರಡು ರೊಟ್ಟಿ ತಿಂದು, ಬಾಗಿಲಿಗೆ ಕೀಲಿ ಹಾಕುತ್ತಿದ್ದಳು. ಕೆಳಗೆ ಸೀಮಾಳ ಕಾರು ಹಾರ್ನ್ ಹೊಡೆಯಿತು. ಅದೇ ಹೊತ್ತಿಗೆ ಒಳಗೆ ಫೋನು ಬಡಿಯತೊಡಗಿತು. ಕೈ ತಾನಾಗಿ ಕೀಲಿ ತಿರುಗಿಸಲು ಹೋಯಿತು. ಅಲ್ಲೇ ತಡೆಯಿತು. ಫೋನು ಬಡಿಯುತ್ತಲೇ ಇತ್ತು. ಅವಸರವಿಲ್ಲದ, ಎತ್ತದಿದ್ದರೂ ಸಿಟ್ಟಾಗದ ಸದ್ದು.

ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು ಲಕ್ಕವ್ವ ಮೆಲ್ಲಗೆ ಅಂದಳು, "ಉಂಡೀನ್ರಿ."

ಆವತ್ತು ಅದು ಸುಳ್ಳಾಗಿರಲಿಲ್ಲ. ಸೆರಗು ಬಿಗಿ ಮಾಡಿಕೊಂಡು ಆಕೆ ಮೆಟ್ಟಿಲಿಳಿದಳು.