ಟೋಲ್ ಕಮಾನಿನ ಕೆಳಗೆ ನಿಂತ ಹಾಡು

ನಮ್ಮ ಕರಿಯರ ಊರು ಕಟ್ಲೆಹಾಂಗಿನಲ್ಲಿ ಯಾರಾದರೂ ಸತ್ತರೆ ಆ ಮನೆಗೆ ಪಾದ್ರಿಗಿಂತ ಮೊದಲು ಬರುವುದು ಥೋಕೊ ಮಲಿಂಗಳ ಬಕೆಟ್ಟು. ಬಣ್ಣದ ಅಂಗಡಿಯ ದೊಡ್ಡ ಬಿಳಿ ಬಕೆಟ್ಟುಗಳನ್ನು ತಿಕ್ಕಿ ತೊಳೆದು, ಅವುಗಳಲ್ಲಿ ಸ್ಕೋನ್ ಎಂಬ ಸಿಹಿ ಬನ್ನು ತುಂಬಿಕೊಂಡು ಹಳೆಯ ಟೊಯೋಟಾ ವ್ಯಾನಿನಲ್ಲಿ ಬಂದಿಳಿಯುತ್ತಾಳೆ. ಇಳಿದವಳೇ ಹಾಡು ಎತ್ತುತ್ತಾಳೆ. ನಮ್ಮಲ್ಲಿ ಹಾಡೆಂದರೆ ಒಬ್ಬರು ಎತ್ತಬೇಕು, ಉಳಿದವರು ದನಿಗೂಡಿಸಿ ಒಪ್ಪಿಸಬೇಕು. ಎತ್ತುವವರ ಗಂಟಲು ಸಪ್ಪೆಯಾದರೆ ಮದುವೆಯೂ ಸಪ್ಪೆ, ಹೆಣವೂ ಸಪ್ಪೆ, ಹೋರಾಟವಂತೂ ಹೇಳುವುದೇ ಬೇಡ.

ಥೋಕೊಳ ಗಂಟಲು ಸಪ್ಪೆಯಾದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಅದನ್ನೇ ಹೇಳಬೇಕಾಗಿದೆ.

ಹೆದ್ದಾರಿಯ ಮೇಲೆ ಟೋಲ್ ಕಮಾನುಗಳು ಎದ್ದ ವರ್ಷ ಅದು. ಗೇಟಿಲ್ಲ, ಕಾವಲಿನವನಿಲ್ಲ, ಜಗಳವಾಡೋಣವೆಂದರೆ ಒಂದು ಮುಖವೂ ಇಲ್ಲ. ಮೇಲೆ ನೀಲಿ ದೀಪ, ಕ್ಯಾಮೆರಾ. ಕೆಳಗೆ ಹಾದುಹೋದವರ ಮನೆಗೆ ಬಿಲ್ಲು. ಪೆಟ್ರೋಲಿನಲ್ಲಿ ರಸ್ತೆಗೆಂದು ಒಮ್ಮೆ ಕಿತ್ತುಕೊಂಡವರು ಇನ್ನೊಮ್ಮೆ ಕೈ ಚಾಚಿದರೆ ಯಾರಿಗೆ ಉರಿಯುವುದಿಲ್ಲ? ಕಾರಿನ ಗಾಜಿಗೆ ಟ್ಯಾಗ್ ಅಂಟಿಸಿಕೊಂಡರೆ ರಿಯಾಯಿತಿಯಂತೆ. ನಮ್ಮ ಬೀದಿ ತೀರ್ಮಾನಿಸಿತು: ಟ್ಯಾಗ್ ಕೊಳ್ಳುವುದಿಲ್ಲ, ಬಿಲ್ಲು ಕಟ್ಟುವುದಿಲ್ಲ. ಆ ತೀರ್ಮಾನಕ್ಕೆ ಹಾಡು ಕಟ್ಟಿದವಳು ಥೋಕೊ. "ಯಾರು ಕಟ್ತಾರೆ?" ಎಂದು ಅವಳು ಎತ್ತಿದರೆ "ನಾವಂತೂ ಕಟ್ಟಲ್ಲ!" ಎಂದು ನಾವು ಒಪ್ಪಿಸುವುದು. ಅಷ್ಟೇ ಹಾಡು. ಆದರೆ ಅವಳ ಬಾಯಲ್ಲಿ ಅದು ಚರ್ಚಿನ ಗಾಜನ್ನೂ ಅಲುಗಾಡಿಸುತ್ತಿತ್ತು.

ಹಾಡಿದರೆ ಟೋಲ್ ನಿಲ್ಲುತ್ತದೆಯೇ ಎಂದು ಟೈ ಕಟ್ಟಿದವರು ರೇಡಿಯೋದಲ್ಲಿ ನಗುತ್ತಿದ್ದರು. ನಗಲಿ. ಬಂದ ಬಿಲ್ಲನ್ನು ಒಬ್ಬೊಬ್ಬರೇ ಕೂತು ಕಸದ ಬುಟ್ಟಿಗೆ ಹಾಕಿ ನೋಡಲಿ, ಆಗ ತಿಳಿಯುತ್ತದೆ ಕೈ ಹೇಗೆ ನಡುಗುತ್ತದೆಂದು. ಪಕ್ಕದ ಮನೆಯವಳೂ ಹಾಕಿದ್ದಾಳೆ ಎಂದು ಗೊತ್ತಾದರೆ ಮಾತ್ರ ನಡುಕ ನಿಲ್ಲುವುದು. ಹಾಡು ಇರುವುದು ಅದಕ್ಕೇ.

ಥೋಕೊಳ ಕೈಯೂ ನಡುಗಿತು. ಬಿಲ್ಲು ಬಾಕಿಯಿಟ್ಟವರ ಗಾಡಿಗೆ ಲೈಸೆನ್ಸ್ ನವೀಕರಿಸುವುದಿಲ್ಲವೆಂಬ ಮಾತು ಆಗ ಬೀದಿ ಬೀದಿಯಲ್ಲಿ ಹರಿದಾಡುತ್ತಿತ್ತು. ಅವಳ ಗಾಡಿ ನಿಂತರೆ ಬಕೆಟ್ಟು ನಿಂತಂತೆ, ಬಕೆಟ್ಟು ನಿಂತರೆ ಒಲೆ ಆರಿದಂತೆ. ಒಂದು ದಿನ ಚರ್ಚಿನ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು, ನಮ್ಮವರಾರೂ ಕಾಲಿಡದ ದೂರದ ಮಾಲಿಗೆ ಹೋಗಿ ಟ್ಯಾಗ್ ತಂದಳು. ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಊರು ದಾಟಿದ ಮೇಲೆ ಹೊರಗೆ, ಊರು ಸೇರುವ ಮುಂಚೆ ಒಳಗೆ. ಡಬ್ಬಿಯೊಳಗಿದ್ದರೆ ಟ್ಯಾಗ್ ಮೂಕ. ಹೊರಗಿದ್ದರೆ ಕಮಾನಿನ ಕೆಳಗೆ 'ಪೀಪ್' ಎನ್ನುತ್ತದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವುದು ಇಂಥವರನ್ನು ನೋಡಿಯೇ. ಇದೆಲ್ಲ ಅವಳೇ ಆಮೇಲೆ ಹೇಳಿದ್ದು. ಆಗ ನಮಗೆ ಗೊತ್ತಿರಲಿಲ್ಲ.

ಗಾಡಿಗಳ ಮೆರವಣಿಗೆ ನಿಗದಿಯಾದದ್ದು ಒಂದು ಶನಿವಾರ. ನೂರಾರು ಗಾಡಿಗಳು ಹೆದ್ದಾರಿ ತುಂಬ ಆಮೆಯ ಹಾಗೆ ತೆವಳಿ ಸರ್ಕಾರಕ್ಕೆ ಬಿಸಿ ಮುಟ್ಟಿಸುವುದು. ನಮ್ಮ ಬೀದಿಯಿಂದ ಥೋಕೊಳ ವ್ಯಾನು. ನಾನು ಹಿಂದೆ, ತೊಡೆಯ ಮೇಲೆ ಶುಂಠಿ ಪಾನಕದ ಕ್ಯಾನು. ಪಕ್ಕದಲ್ಲಿ ಸೈಲೆನ್ಸರ್ ರಿಪೇರಿಯ ಫನ್ಯಾನ, ಬಾಯಿಗೆ ಬೀಗವಿಲ್ಲದವನು, ಅವನ ಜೊತೆ ಅವನ ಅಂಗಡಿಯ ಇಬ್ಬರು. ಮುಂದೆ, ಥೋಕೊಳ ಪಕ್ಕದ ಸೀಟಿನಲ್ಲಿ, ಲಿಡಿಯಾ ಅಜ್ಜಿ.

ಲಿಡಿಯಾ ಮಬೇನಾ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅವಳು ಯಾವ ಮೆರವಣಿಗೆಗೂ ಬಂದವಳಲ್ಲ, ಯಾವ ಹಾಡನ್ನೂ ಒಪ್ಪಿಸಿದವಳಲ್ಲ. ಅದಕ್ಕೆ ಕಾರಣ ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಬಿಳಿಯರ ಆಳ್ವಿಕೆಯ ಕೊನೆಯಲ್ಲಿ ಪಟ್ಟಣದ ಬಿಳಿಯರ ಅಂಗಡಿಗಳಿಗೆ ನಮ್ಮವರು ಬಹಿಷ್ಕಾರ ಹಾಕಿದ್ದರು. ಹುಡುಗ ಹುಡುಗಿಯರು ರೈಲು ನಿಲ್ದಾಣದಲ್ಲಿ ನಿಂತು ಬಂದವರ ಚೀಲ ಹುಡುಕುತ್ತಿದ್ದರು. ಲಿಡಿಯಾಳ ಚೀಲದಲ್ಲಿ ಅಡುಗೆ ಎಣ್ಣೆಯ ಬಾಟಲಿ ಸಿಕ್ಕಿತು. ಅಲ್ಲೇ ನಿಲ್ಲಿಸಿ ಅವಳಿಗೆ ಅದನ್ನು ಕುಡಿಸಿದರು, ಪೂರ್ತಿ. ಅವಳು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳಂತೆ, ಮತ್ತೆ ಮತ್ತೆ. ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ. ಆ ಹಾಡು ಎತ್ತಿದ್ದವಳು ಹರೆಯದ ಥೋಕೊ. ನಾನು ಈ ಬೀದಿಗೆ ಸೊಸೆಯಾಗಿ ಬಂದದ್ದು ಆಮೇಲೆ. ನನ್ನ ಅತ್ತೆ ಬಾಗಿಲು ಹಾಕಿಕೊಂಡು ಇದನ್ನು ಹೇಳಿದಳು.

ಅಂಥ ಲಿಡಿಯಾ ಅಜ್ಜಿ ಆ ಬೆಳಿಗ್ಗೆ ಕೋಟು ತೊಟ್ಟು ಬಂದು, "ನನ್ ಮೊಮ್ಮಗಳು ದಿನಾ ಆ ರಸ್ತೇಲೇ ಕೆಲಸಕ್ಕೆ ಹೋಗ್ತಾಳೆ. ನನಗೂ ಜಾಗ ಇದ್ಯಾ?" ಎಂದಳು.

"ಬಾ ಅಜ್ಜಿ, ಬಾ," ಎಂದಳು ಥೋಕೊ. ಗಾಬರಿಯಲ್ಲಿ ಅಜ್ಜಿಗೆಂದು ಮೆತ್ತಗಿನ ಸ್ಕೋನುಗಳನ್ನು ಬೇರೆ ಇಡಲು ಹೋಗಿ, ಕೈಗೆ ಸಿಕ್ಕ ಬಿಸ್ಕತ್ತಿನ ಡಬ್ಬಿಯನ್ನೇ ಖಾಲಿ ಮಾಡಿಬಿಟ್ಟಳು. ಟ್ಯಾಗನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಸ್ಟಿಯರಿಂಗಿನ ಪಕ್ಕದ ಖಾನೆಗೆ ತುರುಕಿದಳು. ಬಟ್ಟೆಯೂ ತಗಡೂ ಒಂದೇ ಎಂದುಕೊಂಡಳೋ, ಏನೂ ಅಂದುಕೊಳ್ಳಲಿಲ್ಲವೋ.

ಹೆದ್ದಾರಿಯಲ್ಲಿ ಹಾರ್ನು, ಬಾವುಟ, ಕೂಗು. ನಮ್ಮ ವ್ಯಾನಿನ ಹಾಡು ಪಕ್ಕದ ಗಾಡಿಗಳಿಗೂ ಹಬ್ಬಿತ್ತು. ಮೊದಲ ಕಮಾನು ಹತ್ತಿರವಾಯಿತು. ಥೋಕೊ ಕಿಟಕಿಯಿಂದ ಮುಷ್ಟಿ ಹೊರಗೆ ಹಾಕಿ, ಎದೆ ತುಂಬ ಉಸಿರೆಳೆದು ಎತ್ತಿದಳು:

"ಯಾರು ಕಟ್ತಾರೆ?"

ಎತ್ತಿದ್ದಕ್ಕೂ ಒಪ್ಪಿಸುವುದಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ ಇರುತ್ತದೆ. ಆ ಜಾಗದಲ್ಲಿ, ಖಾನೆಯೊಳಗಿನಿಂದ, ಉತ್ತರ ಬಂತು.

"ಪೀಪ್."

ನಾವು ತೆರೆದ ಬಾಯಿ ತೆರೆದಂತೆಯೇ ಇದ್ದೆವು. ಥೋಕೊಳ ಮುಷ್ಟಿ ಕಿಟಕಿಯ ಹೊರಗೆ ಹಾಗೇ ನಿಂತಿತ್ತು, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ. ಅವಳ ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಅದು ಬೆವರಿ ಹೊಳೆಯುತ್ತಿತ್ತು.

"ಏನದು?" ಎಂದ ಫನ್ಯಾನ. "ಏನೋ ಪೀಪ್ ಅಂತಲ್ಲ?"

"ನನ್ ಫೋನು," ಎಂದಳು ಲಿಡಿಯಾ ಅಜ್ಜಿ, ಮುಂದಿನ ರಸ್ತೆಯನ್ನೇ ನೋಡುತ್ತ. "ಬ್ಯಾಟರಿ ಸತ್ತಿರ್ಬೇಕು. ನೀನು ಹಾಡೋ, ಸುಮ್ನೆ."

ಅಜ್ಜಿಗೆ ಫೋನೇ ಇಲ್ಲ. ಮಗಳ ಜೊತೆ ಮಾತಾಡಲು ನಮ್ಮ ಮನೆಯ ಫೋನಿಗೇ ಬರುತ್ತಾಳೆ. ನನಗದು ಗೊತ್ತು, ಥೋಕೊಗೂ ಗೊತ್ತು. ಫನ್ಯಾನನೇ ಹಾಡು ಎತ್ತಿದ, ಕತ್ತೆಯ ದನಿಯಲ್ಲಿ. ಮುಂದಿನ ಕಮಾನು ಬರುವಷ್ಟರಲ್ಲಿ ಅಜ್ಜಿ ಡಬ್ಬಿಯಲ್ಲಿದ್ದ ಸ್ಕೋನುಗಳನ್ನು ಮಡಿಲಿಗೆ ಸುರಿದುಕೊಂಡು, ಖಾನೆಗೆ ಕೈ ಹಾಕಿ, ಬಟ್ಟೆಯ ಗಂಟನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು. ಥೋಕೊಳ ಕಡೆ ತಿರುಗಿಯೂ ನೋಡಲಿಲ್ಲ.

ಆವತ್ತಿನಿಂದ ವರ್ಷಗಟ್ಟಲೆ ಥೋಕೊ ಹಾಡು ಎತ್ತಲಿಲ್ಲ. ಗಂಟಲು ನೋವೆಂದಳು, ಡಾಕ್ಟರು ಬೇಡವೆಂದಿದ್ದಾರೆ ಎಂದಳು. ಹೆಣದ ಮನೆಗೆ ಬಕೆಟ್ಟು ತಂದಿಟ್ಟು ಹಿತ್ತಲಿಂದಲೇ ಹೊರಟುಬಿಡುವಳು. ಯಾರಾದರೂ ಟೋಲ್ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಳು. ಟ್ಯಾಗನ್ನು ಬಿಸಾಡಲಿಲ್ಲ, ಆ ಧೈರ್ಯವೂ ಬರಲಿಲ್ಲ. ನಾಚಿಕೆಯೂ ಭಯವೂ ಒಂದೇ ಮನೆಯಲ್ಲಿ ಸಂಸಾರ ಹೂಡಿದರೆ ಹೀಗೇ. ಬೀದಿಯ ಉಳಿದವರು ಬಿಲ್ಲನ್ನು ಒಲೆಗೆ ಹಾಕುತ್ತ ಹೋದರು, ಅವಳು ಕಟ್ಟುತ್ತ ಹೋದಳು.

ಹತ್ತು ವರ್ಷದ ಮೇಲೆ ಸರ್ಕಾರ ಸೋತಿತು. ಇಷ್ಟು ಜನ ಕಟ್ಟದಿದ್ದರೆ ಯಾರನ್ನು ಹಿಡಿಯುವುದು? ಕಮಾನುಗಳು ಕಣ್ಣು ಮುಚ್ಚಿದವು. ಕಟ್ಟಿದವರಿಗೆ ಹಣ ವಾಪಸಿಲ್ಲ ಎಂಬ ಮಾತೂ ಬಂತು. ಆ ಭಾನುವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕುರ್ಚಿ ಹಾಕಿ, ಕೆಂಡದ ಮೇಲೆ ಮಾಂಸ ಸುಟ್ಟು, ದೊಡ್ಡ ಹಬ್ಬವೇ ಮಾಡಿದೆವು.

"ಥೋಕೊ ಅಕ್ಕಾ! ಈಗಾದ್ರೂ ಆ ಗಂಟ್ಲು ಬಿಚ್ಚು. ಗೆದ್ದಿದೀವಿ ಕಣಕ್ಕ!" ಎಂದು ಫನ್ಯಾನ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಥೋಕೊ ಎದ್ದು ನಿಂತಳು. ಏನನ್ನೋ ಬಚ್ಚಿಟ್ಟವರ ಹಾಗೆ ಎರಡೂ ಕೈ ಏಪ್ರನ್ನಿನೊಳಗೆ. "ನೀವು ಗೆದ್ರಿ," ಎಂದಳು. "ನಾನು ಕಟ್ತಾನೇ ಬಂದೆ. ಮೊದಲನೇ ವರ್ಷದಿಂದ. ಆವತ್ತು ವ್ಯಾನಲ್ಲಿ ಪೀಪ್ ಅಂದಿದ್ದು ನನ್ ಟ್ಯಾಗು. ನಿಮಗೆಲ್ಲ ಕಟ್ಟಬೇಡಿ ಅಂತ ಹಾಡಿ ನಾನ್ ಕಟ್ದೆ."

ಫನ್ಯಾನ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ ನಿನ್ನ! ಹಂಗಾದ್ರೆ ಆ ರಸ್ತೆ ಪೂರ್ತಿ ನಿನ್ನದೇ ಕಣಕ್ಕ, ನಾವು ಪುಕ್ಸಟ್ಟೆ ಓಡಾಡಿದ್ದು!" ಎಲ್ಲರೂ ನಕ್ಕರು. ಯಾರೋ ಅವಳ ಕೈಗೆ ಮಾಂಸದ ತಟ್ಟೆ ಕೊಟ್ಟರು. ಗೆದ್ದವರಿಗೆ ಕ್ಷಮಿಸುವುದು ಎಷ್ಟು ಸುಲಭ!

ಥೋಕೊ ನಗಲಿಲ್ಲ. ತಟ್ಟೆ ಕೆಳಗಿಟ್ಟು, ಲಿಡಿಯಾ ಅಜ್ಜಿಯ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತಳು.

"ಇವ್ರು ನಗ್ತಾರೆ ಅಜ್ಜಿ. ನಿನಗೆ ನಾವು ಎಣ್ಣೆ ಕುಡಿಸಿದ್ವಿ. ನೀನ್ಯಾಕೆ ಆವತ್ತು ನನ್ನ ಹಿಡ್ಕೊಡ್ಲಿಲ್ಲ?"

ಅಜ್ಜಿಗೆ ಈಗ ಕಣ್ಣು ಮಂಜು. ತಡಕಾಡಿ ಥೋಕೊಳ ತಲೆ ಸಿಕ್ಕಿತು, ಅಲ್ಲೇ ಕೈ ಇಟ್ಟಳು. "ಗಾಡಿ ತುಂಬ ಜನ ಇದ್ರು. ಹಾಡ್ತಿದ್ರು. ಹಾಡೋ ಜನ ಏನು ಮಾಡ್ತಾರೆ ಅಂತ ನಂಗೊತ್ತಿತ್ತು."

"ತಪ್ಪಾಯ್ತು ಅಜ್ಜಿ."

"ತಪ್ಪು ಅನ್ನೋದು ಆಮೇಲೆ. ನಾನು ಸ್ಟೇಷನ್ನಲ್ಲಿ ಏನೋ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ಈಗ ಕೇಳ್ತೀಯಾ?"

"ಹೇಳು."

ಮಾಂಸ ಸುಡುತ್ತಿದ್ದವನು ಇಕ್ಕಳ ಕೆಳಗಿಟ್ಟ. ಅಜ್ಜಿ ನಮ್ಮ ಕಡೆಗೂ ಮುಖ ತಿರುಗಿಸಿದಳು, ಎಲ್ಲರಿಗೂ ಕೇಳಲಿ ಎಂಬಂತೆ.

"ಆ ಎಣ್ಣೆ ನಾನು ಅಂಗಡೀಲಿ ಕೊಂಡಿದ್ದಲ್ಲ. ಬಹಿಷ್ಕಾರ ಅಂತ ನಂಗೂ ಗೊತ್ತಿತ್ತು, ನಾನೂ ಮುರಿದಿರ್ಲಿಲ್ಲ. ನಾನು ಪಾತ್ರೆ ತೊಳೀತಿದ್ದ ಮನೆಯೋಳು ಆ ತಿಂಗಳು ಸಂಬಳ ಕೊಡ್ಲಿಲ್ಲ, ಅದರ ಬದ್ಲು ಆ ಬಾಟ್ಲಿ ಕೊಟ್ಲು. ಅಷ್ಟೇ. ಇದನ್ನೇ ಹೇಳ್ತಿದ್ದೆ."

ಫನ್ಯಾನನ ನಗು ಎಲ್ಲಿ ಹೋಯಿತೋ. ಥೋಕೊ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಕುಳಿತೇ ಇದ್ದಳು. ಆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಮತ್ತೆ ಯಾರೂ ಹಾಡು ಎತ್ತಲಿಲ್ಲ.