ಖಾಲಿಯಾದ ಚಪ್ಪಲಿ ಬುಟ್ಟಿ

ದೋಣಿಯಕ್ಕ ಪ್ರವಾಸಿಗರಿಗೆ ಮೊದಲು ಹೇಳುತ್ತಿದ್ದ ಮಾತು ಒಂದೇ: "ಚಪ್ಪಲಿ ಬುಟ್ಟಿಗೆ ಹಾಕಿ, ಆಮೇಲೆ ಹತ್ತಿ."

ದೊಡ್ಡ ಬೆತ್ತದ ಬುಟ್ಟಿ ಅದು. ಅಂಚು ಸವೆದಲ್ಲೆಲ್ಲ ಹಳೆಯ ಬಲೆಯ ದಾರದಿಂದ ಹೊಲಿದಿತ್ತು. ಅವಳ ಮಾವ ದೋಣಿ ನಡೆಸುತ್ತಿದ್ದ ಕಾಲದಿಂದಲೂ ಪದ್ಧತಿ ಹೀಗೇ ಇತ್ತು. ಕಡಲಿಗೂ ಹಿನ್ನೀರಿಗೂ ನಡುವಿನ ಮರಳ ದಿಣ್ಣೆಗೆ ಜನ ಬರಿಗಾಲಲ್ಲಿ ಇಳಿಯುತ್ತಾರೆ; ಬುಟ್ಟಿಯೂ ಇಳಿದು ನೀರಿನಂಚಿನಲ್ಲಿ ಕೂರುತ್ತದೆ. ಹೊರಡುವಾಗ ತಮ್ಮ ತಮ್ಮ ಜೋಡು ಎತ್ತಿಕೊಂಡು ದೋಣಿ ಹತ್ತಬೇಕು. ಬುಟ್ಟಿ ಖಾಲಿಯಾದರೆ ಎಲ್ಲರೂ ಬಂದಂತೆ. ತಲೆ ಎಣಿಸುವ ಕೆಲಸ ಮಾವನಿಗೆ ಒಗ್ಗುತ್ತಿರಲಿಲ್ಲ. ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲ, ದೊಡ್ಡವರು ಫೋಟೋಕ್ಕೆಂದು ಆಚೀಚೆ ಹೋಗುತ್ತಾರೆ, ಆದರೆ ಚಪ್ಪಲಿ ಬಿಟ್ಟು ಊರಿಗೆ ಹೋಗುವವರು ಯಾರೂ ಇಲ್ಲ ಎಂದು ಅವರ ವಾದ. ಅವರು ಬದುಕಿರುವವರೆಗೂ ಆ ಲೆಕ್ಕ ತಪ್ಪಲಿಲ್ಲ.

ದೋಣಿಯಕ್ಕ ಹುಟ್ಟಿನಿಂದ ನೀರಿನವಳಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಈಜು ಕೂಡ ಬರುತ್ತಿರಲಿಲ್ಲ. ಹಿನ್ನೀರಿನ ಆಚೆ ದಡದಲ್ಲಿ ಹಡಗಿನ ಸರಕಿಗೆ ಸುಂಕ ಕಟ್ಟಿಸಿಕೊಳ್ಳುತ್ತಿದ್ದ ಹಳೆಯ ಕಟ್ಟಡವೊಂದಿದೆ. ದಪ್ಪ ಗೋಡೆ, ಕೆತ್ತನೆಯ ಕಿಟಕಿ. ಅದು ವಸ್ತುಸಂಗ್ರಹಾಲಯವಾದ ಮೇಲೆ ಅಲ್ಲಿ ನೆಲ ಒರೆಸುವ ಕೆಲಸ ಹಿಡಿದಳು. ಬಲೆ ಎಳೆದೂ ಎಳೆದೂ ಗಂಡನ ಭುಜ ಕೈಕೊಟ್ಟಾಗ, ದೋಣಿ ದಡದಲ್ಲಿ ಕೊಳೆಯುವುದನ್ನು ನೋಡಲಾರದೆ ತಾನೇ ಎಂಜಿನ್ನಿನ ಹಿಡಿಕೆ ಹಿಡಿದಳು. ಕಟ್ಟೆಯ ಮೇಲೆ ಕುಳಿತವರು ಹಲ್ಲು ಕಿಸಿದರು. "ಪೊರಕೆ ಅಂದ್ಕೊಂಡ್ಯಾ ಅದನ್ನ?" ಎಂದು ಒಬ್ಬ ಕೇಳಿದ್ದಕ್ಕೆ ಉತ್ತರ ಕೊಟ್ಟವನು ಅವಳ ಮೈದುನ: "ಹೌದಪ್ಪ, ಮೊದಲು ನಿನ್ನಂಥವರನ್ನ ಗುಡಿಸ್ತಾಳೆ ನಮ್ಮತ್ತಿಗೆ." ಅಂದಿನಿಂದ ಅತ್ತಿಗೆಯದೊಂದು ದೋಣಿ, ಮೈದುನನದೊಂದು ದೋಣಿ, ಇಬ್ಬರಿಗೂ ಸೇರಿ ಬುಟ್ಟಿ ಒಂದೇ.

ಆ ಮಧ್ಯಾಹ್ನ ಬಂದದ್ದು ಒಂದೇ ಕುಟುಂಬ. ಅಣ್ಣತಮ್ಮಂದಿರು, ಸೊಸೆಯಂದಿರು, ಮಕ್ಕಳು, ಯಾವಾಗಲೂ ಕ್ಯಾಮೆರಾ ಕಣ್ಣಿಗೊತ್ತಿಕೊಂಡೇ ಇರುವ ಅಳಿಯ, ಅವನ ಹೆಂಡತಿ, ಅವಳ ತಾಯಿ. ಈ ಅಜ್ಜಿ ಕಪ್ಪು ಕೊಡೆ ಊರಿಕೊಂಡು ಎಲ್ಲರ ಹಿಂದೆ ನಿಧಾನವಾಗಿ ಬರುತ್ತಿದ್ದಳು.

"ಚಿಪ್ಪು ಎಲ್ಲಿ ಸಿಗ್ತಾವೆ ಮಗಳೇ?" ಎಂದು ದಿಣ್ಣೆಯ ಮೇಲೆ ಅಜ್ಜಿ ಕೇಳಿದಳು.

"ಆ ತುದೀಲಿ ಒಳ್ಳೆಯವು ಸಿಗ್ತಾವೆ ಅಜ್ಜಿ," ಎಂದು ದೋಣಿಯಕ್ಕ ಕೈ ತೋರಿಸಿದಳು.

ದಿಣ್ಣೆಯ ನಡು ಉಬ್ಬಿಕೊಂಡಿದೆ. ಆಚೆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತವರು ಈಚೆ ಕಾಣುವುದಿಲ್ಲ. ಉಬ್ಬರ ಶುರುವಾದರೆ ಮೊದಲು ಮುಳುಗುವುದು ಆ ತುದಿಯೇ, ಸಂಜೆಯೊಳಗೆ ದಿಣ್ಣೆಯೇ ಇರುವುದಿಲ್ಲ. ನೀರು ತಿರುಗುವ ಸೂಚನೆ ಕಂಡ ಕೂಡಲೆ ಅವಳು ಸಿಳ್ಳೆ ಊದಿದಳು. ಜನ ನಗುತ್ತ, ಕೂಗಾಡುತ್ತ ಚಪ್ಪಲಿ ಹೆಕ್ಕಿಕೊಂಡು ಸಿಕ್ಕ ದೋಣಿ ಹತ್ತಿದರು. ದೋಣಿಯಕ್ಕ ಬುಟ್ಟಿಯನ್ನು ಬೋರಲು ಹಾಕಿ, ಮರಳು ಕೊಡವಿ, ಎಂಜಿನ್ ಎಳೆದಳು.

ಬುಟ್ಟಿ ಖಾಲಿಯಾಗಿತ್ತು. ದಿಣ್ಣೆ ಖಾಲಿಯಾಗಿರಲಿಲ್ಲ.

ಸುಂಕದ ಕಟ್ಟಡದ ಮೆಟ್ಟಿಲಿನ ಬಳಿ ಅವಳ ದೋಣಿ ಮೊದಲು ತಲುಪಿತು. ಸ್ವಲ್ಪ ಹೊತ್ತಿಗೆ ಮೈದುನನದೂ ಬಂತು. ಎಲ್ಲರೂ ಇಳಿದ ಮೇಲೂ ಅಳಿಯನ ಹೆಂಡತಿ ಆ ದೋಣಿಯೊಳಗೇ ಇಣುಕುತ್ತಿದ್ದಳು.

"ಅಮ್ಮ ಎಲ್ಲಿ?"

"ನಿಮ್ಮ ಜೊತೆ ಬರಲಿಲ್ವಾ?" ಎಂದ ಮೈದುನ.

"ಇಲ್ಲ, ನಿಮ್ಮ ದೋಣೀಲಿ ಬಂದಿರ್ತಾಳೆ ಅಂತ..."  ದೋಣಿಯಕ್ಕ ಅವಳ ಕೈ ನೋಡುತ್ತಿದ್ದಳು. ಕೈಯಲ್ಲೊಂದು ಜೊತೆ ಹಳೆಯ ಕಂದು ಚಪ್ಪಲಿ; ಕಾಲಲ್ಲಿ ಇನ್ನೊಂದು ಜೊತೆ.

"ಇದು ಯಾರದು?"

"ಅಮ್ಮಂದು. ನೂಕಾಟದಲ್ಲಿ ಬಗ್ಗಿ ಹುಡುಕಕ್ಕಾಗಲ್ಲ ಅವಳಿಗೆ. ಅದಕ್ಕೆ ನಾನೇ ಎತ್ಕೊಂಡೆ."

ದೋಣಿಯಕ್ಕ ಕಾಲಿನ ಬಳಿಯ ಮೆಟ್ಟಿಲನ್ನು ನೋಡಿದಳು. ಬರುವಾಗ ಒಣಗಿದ್ದ ಕಲ್ಲನ್ನು ನೀರು ಆಗಲೇ ನೆಕ್ಕುತ್ತಿತ್ತು.

"ನಾನೂ ಬರ್ತೀನಿ," ಎಂದು ಅಳಿಯ ದೋಣಿಗೆ ಕಾಲಿಟ್ಟ.

"ಇಳೀರಿ ಸಾರ್, ಭಾರ ಆಗುತ್ತೆ. ನೀನು ಕೋಲು ತಗೊಂಡು ಬಾ," ಎಂದು ಅವಳು ಮೈದುನನನ್ನು ಕರೆದಳು. ಅಳಿಯ ಇಳಿದ. ಕ್ಯಾಮೆರಾ ಅವನ ಕೊರಳಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ದೋಣಿಗಳ ದಾರಿ ಆಳದ ನೀರು ಹಿಡಿದು ದೂರ ಸುತ್ತಿಕೊಂಡು ಹೋಗುತ್ತದೆ. ನೇರ ಹೋದರೆ ಅರ್ಧಕ್ಕರ್ಧ ಉಳಿತಾಯ, ಆದರೆ ನಡುವೆ ಕಲ್ಲುಸಾಲು ಇದೆ. ಎಂಜಿನ್ನಿನ ರೆಕ್ಕೆ ಕಲ್ಲಿಗೆ ತಾಗಿದರೆ ಅವರಿಬ್ಬರೂ ಅಲ್ಲೇ. ದಡದಲ್ಲಿ ಬಿಟ್ಟುಬಂದ ಇನ್ನೊಂದು ದೋಣಿಯನ್ನು ನಡೆಸಬಲ್ಲವರು ಅಲ್ಲಿ ಯಾರೂ ಇಲ್ಲ. ಅವಳು ಹಿಡಿಕೆಯನ್ನು ನೇರಕ್ಕೆ ತಿರುಗಿಸಿದಳು.

"ಅತ್ತಿಗೆ, ಕಲ್ಲಿದೆ!"

"ಗೊತ್ತು. ನೀರು ಏರ್ತಿದೆಯಲ್ಲ, ಕಲ್ಲಿನ ಮೇಲೂ ಏರಿರುತ್ತೆ."

"ಏರದಿದ್ರೆ?"

 ಅಜ್ಜಿಯನ್ನು ಮುಳುಗಿಸಲು ಬರುತ್ತಿದ್ದ ಉಬ್ಬರವನ್ನೇ ಈಗ ಅವಳು ನೆಚ್ಚಿಕೊಂಡಿದ್ದಳು. ಕಲ್ಲುಸಾಲಿನ ಬಳಿ ಎಂಜಿನ್ ಎತ್ತಿದಳು. ಮೈದುನ ಕೋಲು ಊರಿ ತಳ್ಳಿದ. ದೋಣಿಯ ಹೊಟ್ಟೆಗೆ ಏನೋ ಕರಕರ ಉಜ್ಜಿತು, ನಿಂತಿತು, ಮತ್ತೆ ಉಜ್ಜಿತು. ಮೈದುನ ಕೋಲಿಗೆ ಮೈಯೆಲ್ಲ ಕೊಟ್ಟ. ದೋಣಿ ಜಾರಿ ಆಚೆ ಬಿತ್ತು.

ದಿಣ್ಣೆ ಕಂಡಿತು. ನಡುವಿನ ಉಬ್ಬು ಮಾತ್ರ ಉಳಿದಿತ್ತು, ಅದರ ಮೇಲೆ ಕಡಲಕ್ಕಿಗಳ ಸಾಲು. ಮನುಷ್ಯರ ಸುಳಿವಿಲ್ಲ.

"ಅಜ್ಜೀ!" ಗಾಳಿ ಕೂಗನ್ನು ಹಿಂದಕ್ಕೇ ತಂದು ಹಾಕಿತು.

ಉಬ್ಬನ್ನು ಸುತ್ತಿ ಆಚೆ ತಿರುಗಿದರು. ಮೀನುಗಾರರು ಬಲೆ ಕಟ್ಟಲೆಂದು ನೆಟ್ಟಿದ್ದ ಕಂಬವೊಂದು ನೀರಿನ ನಡುವೆ ಇತ್ತು. ಅದರ ಪಕ್ಕದಲ್ಲಿ ಬಿಚ್ಚಿದ ಕಪ್ಪು ಕೊಡೆ. ಕೊಡೆಯ ಕೆಳಗೆ ಸೊಂಟದವರೆಗೆ ನೀರಿನಲ್ಲಿ ನಿಂತು, ಒಂದು ತೋಳಿನಿಂದ ಕಂಬ ತಬ್ಬಿಕೊಂಡಿದ್ದ ಅಜ್ಜಿ.

ಮೈದುನ ಸಂತೋಷಕ್ಕೆ ಕಿರುಚಿದ. ದೋಣಿಯಕ್ಕ ಹಿಡಿಕೆ ತಿರುಗಿಸಿ ವೇಗ ಹೆಚ್ಚಿಸಿದ್ದೇ ತಡ, ಅಜ್ಜಿ ಕೊಡೆ ಬೀಸಿ ಕೂಗಿದಳು: "ನಿಧಾನ! ನಿನ್ನ ಅಲೇಗೇ ಬೀಳ್ತೀನಿ ನಾನು!"

ಎಂಜಿನ್ ಆರಿತು. ದೋಣಿಯಕ್ಕ ನೀರಿಗಿಳಿದಳು. ಕಾಲಡಿಯ ಮರಳನ್ನು ಸೆಳೆತ ಎಳೆಯುತ್ತಿತ್ತು. ಅಜ್ಜಿಯ ಕೈ ಕಂಬಕ್ಕೆ ಬಿಗಿದು ಮರಗಟ್ಟಿತ್ತು. ಒಂದೊಂದೇ ಬೆರಳು ಬಿಡಿಸಬೇಕಾಯಿತು.

"ಬಿಡಿ ಅಜ್ಜಿ, ನಾನು ಹಿಡಿದಿದ್ದೀನಿ."

"ಬಿಡ್ತೀನಿ ತಾಯಿ, ಈ ಕೈ ನನ್ನ ಮಾತೇ ಕೇಳ್ತಿಲ್ಲ."

ಇಬ್ಬರೂ ಸೇರಿ ಎತ್ತಿ ದೋಣಿಗೆ ಹಾಕಿದರು. ಅವಳ ಸೆರಗಿನ ಗಂಟಿನಲ್ಲಿ ಚಿಪ್ಪುಗಳು ಕಿಣಿಕಿಣಿ ಎನ್ನುತ್ತಿದ್ದವು. ನಡುಕ ಸ್ವಲ್ಪ ತಗ್ಗಿದ ಮೇಲೆ ಅಜ್ಜಿ ಸುತ್ತ ನೋಡಿದಳು.

"ನನ್ನ ಚಪ್ಪಲಿ ಎಲ್ಲಿ?"

"ನಿಮ್ಮ ಮಗಳ ಹತ್ರ ಇದೆ."

"ಸದ್ಯ, ಅದನ್ನಾದ್ರೂ ಮರೀದೆ ತಗೊಂಡು ಹೋದ್ಲಲ್ಲ."

ಮೈದುನ ನಕ್ಕ. ದೋಣಿಯಕ್ಕನಿಗೆ ನಗಲಾಗಲಿಲ್ಲ. "ಅವರದೇನೂ ತಪ್ಪಿಲ್ಲ ಅಜ್ಜಿ. ಆ ತುದಿಗೆ ಕಳಿಸಿದವಳೂ ನಾನೇ, ನೋಡ್ದೆ ಹೊರಟವಳೂ ನಾನೇ," ಎಂದಳು.  ಅಜ್ಜಿ ತನ್ನ ಒದ್ದೆ ಕೈಯನ್ನು ಹಿಡಿಕೆಯ ಮೇಲಿದ್ದ ಅವಳ ಕೈಯ ಮೇಲಿಟ್ಟಳು. ಹೋಗುವಾಗ ಸುತ್ತು ದಾರಿಯಲ್ಲೇ ಹೋದರು.

ಆ ಸಂಜೆ ದೋಣಿಯಕ್ಕ ಬುಟ್ಟಿಯನ್ನು ಮನೆಗೆ ತಂದು ಅಟ್ಟಕ್ಕೆ ಹಾಕಿದಳು.

"ಅಪ್ಪನ ಕಾಲದ್ದು ಕಣೇ ಅದು," ಎಂದ ಗಂಡ.

"ಮಾವ ಒಂದೇ ದೋಣಿ ನಡೆಸ್ತಿದ್ರು. ಜೊತೇಲಿ ಬಂದವರು ಒಂದೇ ದೋಣೀಲಿ ಹತ್ತುತ್ತಿದ್ರು. ಅಜ್ಜಿ ಇಲ್ಲ ಅಂತ ಅಲ್ಲೇ ಕೂಗು ಬೀಳ್ತಿತ್ತು." 

ಈಗ ದಿಣ್ಣೆಯಿಂದ ಹೊರಡುವ ಮುಂಚೆ ಅವಳು ಆ ತುದಿಯವರೆಗೆ ತಾನೇ ನಡೆದು ಬರುತ್ತಾಳೆ. ಆಮೇಲೆ ಒಂದೊಂದೇ ದೋಣಿಯ ಮೂತಿಯ ಬಳಿ ನಿಂತು ಒಬ್ಬೊಬ್ಬರಿಗೂ ಕೈ ಕೊಡುತ್ತಾಳೆ. ಕೈ ಹಿಡಿಯದೆ ಯಾರೂ ಹತ್ತುವಂತಿಲ್ಲ. ಹಿಡಿದ ಕೈಗಳನ್ನೇ ಅವಳು ಎಣಿಸುತ್ತಾಳೆ, ತುಟಿ ಅಲುಗಿಸದೆ. ಮೊನ್ನೆ ಗಟ್ಟಿಮುಟ್ಟಾದ ಯುವಕನೊಬ್ಬ ಅವಳ ಕೈಯನ್ನು ನೋಡಿಯೂ ನೋಡದಂತೆ ಚಂಗನೆ ಹಾರಿ ಒಳಗೆ ಕೂತ.

"ಇಳಿಯಪ್ಪ ಕೆಳಗೆ," ಎಂದಳು.

"ಯಾಕಕ್ಕ? ನಾನೇನು ಮುದುಕನಾ?"

"ಇಳಿ. ಕೈ ಕೊಟ್ಟು ಹತ್ತು."

ಗೆಳೆಯರು ಹೋ ಎಂದು ನಕ್ಕರು. ಯುವಕ ಮುಖ ಕೆಂಪಗೆ ಮಾಡಿಕೊಂಡು ನೀರಿಗಿಳಿದು ಕೈ ಚಾಚಿದ. ದೋಣಿಯಕ್ಕ ಅದನ್ನು ಬಿಗಿಯಾಗಿ ಹಿಡಿದು ಮೇಲೆಳೆದುಕೊಂಡಳು.