ಯಂತ್ರ ಕಾರ್ಡನ್ನು ಒಪ್ಪಿದ ದಿನ

ಆ ಕಾರ್ಡು ಈಗಲೂ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಕೂಡಲೇ ನಾನು ಮೊದಲು ನೋಡುವುದು ಕಂಪ್ಯೂಟರಿನ ಹಿಂಬದಿಯಲ್ಲಿ ಅದರ ಹಸಿರು ದೀಪವನ್ನು. ಅದು ಉರಿಯುತ್ತಿದ್ದರೆ ಕೈ ತೊಳೆದು ಕೆಲಸಕ್ಕೆ ಕೂರುತ್ತೇನೆ. ಅದು ಉರಿಯದೆ ಹೋದ ವಾರಗಳ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದು ನಿವೃತ್ತಳಾದವಳು. ಓದಿದ್ದು ಮಠದ ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಇನ್ನೊಂದು ಗಂಟೆಗೆ ತಣ್ಣೀರಿನ ಸ್ನಾನ, ಆಮೇಲೆ ಲಿಂಗಪೂಜೆ, ಸಾಲಾಗಿ ಕೂತು ಪ್ರಸಾದ. ಸಾಲು ತಪ್ಪಿದವರಿಗೆ ಬೈಗುಳವಿರಲಿಲ್ಲ; ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಿತ್ತು, ಅಷ್ಟೆ. ಆ ಕ್ರಮ ಮೈಗೆ ಹತ್ತಿದ್ದು ಬಿಡಲಿಲ್ಲ. ನಿವೃತ್ತಿಯ ನಂತರ ಬನಶಂಕರಿ ಎರಡನೆಯ ಹಂತದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಈ ಸಣ್ಣ ಲ್ಯಾಬಿಗೆ ಸೇರಿದೆ.

ನಮ್ಮಲ್ಲಿಗೆ ಬರುವುದು ಗಾಜಿನ ಸ್ಲೈಡುಗಳು. ರೋಗಿಯ ದೇಹದಿಂದ ತೆಗೆದ ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿಗೆ ಅಂಟಿಸುವ ಕೆಲಸ ಇನ್ನೊಂದು ಶಾಖೆಯಲ್ಲಿ ಆಗುತ್ತದೆ. ನಾನು ಆ ಸ್ಲೈಡುಗಳನ್ನು ಒಂದೊಂದಾಗಿ ಸ್ಕ್ಯಾನರಿಗೆ ಕೊಡುತ್ತೇನೆ. ಗಂಟೋ, ಹುಣ್ಣೋ, ಕ್ಯಾನ್ಸರೋ ಎಂದು ಹೇಳುವ ಡಾಕ್ಟರು ಬೆನ್ನುನೋವಿನಿಂದ ಮೈಸೂರಿನ ಮನೆ ಬಿಟ್ಟು ಹೊರಡಲಾರರು. ಅಲ್ಲೇ ಪರದೆಯ ಮೇಲೆ ಚಿತ್ರ ನೋಡಿ ರಿಪೋರ್ಟು ಬರೆಯುತ್ತಾರೆ. ನಾನು ಕಂಡದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

ರಸ್ತೆ ಅಗೆಯುವವರು ನೆಲದೊಳಗಿನ ವಿದ್ಯುತ್ ಕೇಬಲ್ ಕತ್ತರಿಸಿದ ದಿನ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಅದರೊಳಗಿದ್ದ ನೆಟ್‌ವರ್ಕ್ ಕಾರ್ಡೂ ಹೋಯಿತು. ಸ್ಕ್ಯಾನರಿನ ಕ್ಯಾಮೆರಾ ಚಿತ್ರಗಳನ್ನು ಒಂದು ನೀಲಿ ಕೇಬಲ್ ಮೂಲಕ ಪ್ರವಾಹದಂತೆ ಸುರಿಯುತ್ತದೆ. ಅಷ್ಟನ್ನು ಹಿಡಿದುಕೊಳ್ಳಲು ಮಾಮೂಲಿ ಕಾರ್ಡಿಗೆ ಆಗದು. ಹೊಸ ಮಾದರಿಯ ಕಾರ್ಡುಗಳನ್ನು ಆ ಹಳೆಯ ಸ್ಕ್ಯಾನರು ಗುರುತಿಸುವುದಿಲ್ಲ. ಹಾಗಾಗಿ ಅದೇ ಜಾತಿಯ, ಯಾವುದೋ ಕಂಪನಿಯ ಸರ್ವರ್ ಕೋಣೆಯಲ್ಲಿ ದುಡಿದು ಹೊರಬಿದ್ದ ಕಾರ್ಡೊಂದನ್ನು ನಮ್ಮ ಲ್ಯಾಬಿನ ಮಾಲೀಕರು ಜಯನಗರದ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದರು. ಹೊಸ ಕಂಪ್ಯೂಟರಿಗೆ ಹಾಕಿದರು. ಹೊಸ ಆಪರೇಟಿಂಗ್ ಸಿಸ್ಟಮ್ ಅದನ್ನು ಅಪರಿಚಿತ ಸಾಧನ ಎಂದು ತೋರಿಸಿ, ಪಕ್ಕದಲ್ಲಿ ಒಂದು ಹಳದಿ ಗುರುತು ಇಟ್ಟು ಸುಮ್ಮನಾಯಿತು.

ಆಗ ಟ್ರೇಯಲ್ಲಿ ಸರದಿಗೆ ಕಾದಿದ್ದ ಸ್ಲೈಡುಗಳಲ್ಲಿ ಒಂದು ನಮ್ಮ ಸಹಾಯಕಿಯದು.

ಆಕೆ ಸುಬ್ರಹ್ಮಣ್ಯಪುರದವಳು. ಅಲ್ಲಿ ಹೊಲ ಇದ್ದ ಕಾಲದ ಮನೆತನ. ಈಗ ಅಣ್ಣಂದಿರದು ಎರಡೆರಡು ಬಿಲ್ಡಿಂಗು, ಬಾಡಿಗೆಯವರು. ಗಂಡ ತೀರಿಕೊಂಡ ಮೇಲೆ ಆಕೆ ಅವೇ ಬಿಲ್ಡಿಂಗುಗಳ ಹಿಂದೆ ಶೀಟಿನ ಮನೆಯಲ್ಲಿದ್ದಳು. ಲ್ಯಾಬಿನಲ್ಲಿ ನೆಲ ಒರೆಸುವುದು, ಟ್ರೇ ತೊಳೆಯುವುದು, ರಿಪೋರ್ಟಿನ ಕವರ್ ಕೊಡುವುದು, ಸ್ಕ್ಯಾನ್ ಮಾಡುವಾಗ ನನ್ನ ಕೈಗೆ ಸ್ಲೈಡು ಎತ್ತಿಕೊಡುವುದು ಎಲ್ಲವೂ ಆಕೆಯದೇ. ಎದೆಯಲ್ಲಿ ಗಂಟು ಇದೆಯೆಂದು ಒಂದು ದಿನ ನೆಲ ಒರೆಸುತ್ತಲೇ ಹೇಳಿದ್ದಳು, ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಂತೆ. ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೂಜಿ ಹಾಕಿ ಚೂರು ತೆಗೆದರು. ಆ ಚೂರು ಸುತ್ತಿ ಬಳಸಿ ಸ್ಲೈಡಾಗಿ ನಮ್ಮ ಟ್ರೇಗೇ ಬಂತು. ರಿಪೋರ್ಟು ಬಂದ ಹೊರತು ಆಸ್ಪತ್ರೆಯವರು ಮುಂದಿನ ಹೆಜ್ಜೆ ಇಡುವುದಿಲ್ಲ.

ತುರ್ತಿದ್ದವರ ಮನೆಯವರು ತಮ್ಮ ಸ್ಲೈಡುಗಳನ್ನು ತಾವೇ ಮೈಸೂರಿಗೆ ಒಯ್ದರು. ಆಕೆಯದನ್ನು ನಾನು ರೈಲಿನಲ್ಲಿ ಒಯ್ದು ಬರುತ್ತೇನೆಂದೆ.

"ನಂದೇನ್ ಅರ್ಜೆಂಟು ಮೇಡಂ? ಮಿಷನ್ ರೆಡಿ ಆಗ್ಲಿ ಬಿಡಿ," ಎಂದಳು.

ಸಂಕೋಚವೆಂದುಕೊಂಡೆ. ಮೈಕ್ರೋಸ್ಕೋಪು ಮೇಜಿನ ಮೇಲೇ ಇತ್ತು. ಇಟ್ಟು ನೋಡಿದರೆ ನನಗೆ ತಿಳಿದುಬಿಡುತ್ತಿತ್ತು. ನೋಡಲಿಲ್ಲ. ಅದು ನನ್ನ ಕೆಲಸವಲ್ಲ. ನಾನು ಮಾಡಬೇಕಾದದ್ದು ಕಾರ್ಡನ್ನು ಎಬ್ಬಿಸುವುದು ಎಂದು ನಿಶ್ಚಯಿಸಿದೆ.

ಮಾಲೀಕರು ಅವಸರದ ಮನುಷ್ಯ. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವರೇ ಕಂಪ್ಯೂಟರಿನ ಮುಂದೆ ಕೂತು ಕಂಡ ಗುಂಡಿಗಳನ್ನೆಲ್ಲ ಒತ್ತಿ, ಕೊನೆಗೆ, ಆಂಟಿ ಇದು ನಮ್ಮ ಕೈಲಾಗಲ್ಲ ಎಂದು ಎದ್ದರು. ನನ್ನ ರೀತಿ ಬೇರೆ. ಆಸ್ಪತ್ರೆಯಲ್ಲಿ ಸ್ಲೈಡಿಗೆ ಬಣ್ಣ ಕೆಟ್ಟರೆ ಎಲ್ಲ ಜಾಡಿಗಳನ್ನೂ ಒಟ್ಟಿಗೆ ಚೆಲ್ಲುತ್ತಿರಲಿಲ್ಲ. ಒಂದು ಜಾಡಿ ಬದಲಿಸಿ, ಒಂದು ಸ್ಲೈಡು ಅದ್ದಿ ನೋಡಿ, ಆಮೇಲೆ ಇನ್ನೊಂದು ಜಾಡಿ. ಇಲ್ಲಿಯೂ ಹಾಗೇ ಮಾಡಿದೆ. ಒಂದು ಬದಲಾವಣೆ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚುವುದು, ಒಂದು ಪರೀಕ್ಷೆ.

ಕಾರ್ಡು ಮತ್ತು ಸಿಸ್ಟಮ್ಮಿನ ನಡುವೆ ದುಭಾಷಿಯಂತೆ ಡ್ರೈವರ್ ಎಂಬ ತಂತ್ರಾಂಶ ಇರಬೇಕು. ಕಾರ್ಡು ಮಾಡಿದ ಕಂಪನಿ ಆ ಹಳೆಯ ಮಾದರಿಗೆ ಹೊಸ ಡ್ರೈವರ್ ಬರೆಯುವುದನ್ನೇ ನಿಲ್ಲಿಸಿತ್ತು. ಹಿಂದಿನ ಸಿಸ್ಟಮ್ಮಿನ ಡ್ರೈವರನ್ನು ಹಾಕಹೋದರೆ, ಇಲ್ಲಿ ಯಾವ ಕಾರ್ಡೂ ಇಲ್ಲ ಎಂಬ ಉತ್ತರ ಬಂತು. ಕಾರ್ಡು ನನ್ನ ಕಣ್ಣೆದುರಿಗೇ ಕೂತಿತ್ತು.

ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಜಯನಗರಕ್ಕೆ ಹೋದೆ. ಅಂಗಡಿಯಾತ ಅದನ್ನು ತಿರುಗಿಸಿ ನೋಡಿ ನಕ್ಕ. "ಕಾರ್ಡು ಸಖತ್ ಗಟ್ಟಿ ಅಮ್ಮ. ಹೊಸ ಸಿಸ್ಟಮ್ಮು ಇದನ್ನ ಕರೀದೇ ಬಂದ ನೆಂಟ್ರ ತರ ನೋಡುತ್ತೆ, ಅಷ್ಟೇ. ನಾವೇ ಕೈ ಹಿಡ್ದು ಒಳಗ್ ಕೂರಿಸ್ಬೇಕು."

ಕಾರ್ಡಿನೊಳಗೆ ತಯಾರಾದಾಗಲೇ ಬರೆದಿಟ್ಟ ಆದೇಶಗಳಿರುತ್ತವೆಯಂತೆ. ಅವು ತೀರ ಹಳೆಯವೆಂದು ಆತ ತನ್ನ ಅಂಗಡಿಯ ಕಂಪ್ಯೂಟರಿಗೆ ಹಾಕಿ ಹೊಸದಾಗಿ ಬರೆದುಕೊಟ್ಟ. ಡ್ರೈವರಿನ ಗಂಟನ್ನು ಬಿಚ್ಚಿ, ಅದರೊಳಗಿನ ಸರಿಯಾದ ಕಡತವನ್ನು ಕೈಯಾರೆ ಆರಿಸಿ ತೋರಿಸುವುದನ್ನು ಹೇಳಿಕೊಟ್ಟ. ಲ್ಯಾಬಿಗೆ ಬಂದು ಹಾಗೆಯೇ ಮಾಡಿದೆ. ಹಳದಿ ಗುರುತು ಹೋಯಿತು. ಹಸಿರು ದೀಪ ಹತ್ತಿತು. ಒಂದು ಹಳೆಯ ಸ್ಲೈಡು ಇಟ್ಟು ಪರೀಕ್ಷಿಸಿದೆ. ಚಿತ್ರ ಅರ್ಧ ಬಂದು ದೀಪ ಆರಿಹೋಯಿತು. ಮುಟ್ಟಿದರೆ ಕಾರ್ಡು ಕಾದ ಹೆಂಚು. ಸರ್ವರ್ ಕೋಣೆಯಲ್ಲಿ ಸದಾ ಬೀಸುವ ಫ್ಯಾನುಗಳ ಮುಂದೆ ಬದುಕಿದ್ದು ಅದು. ನಮ್ಮ ಡಬ್ಬಿಯಲ್ಲಿ ಅದಕ್ಕೆ ಉಸಿರಾಡಲು ಗಾಳಿಯಿರಲಿಲ್ಲ.

ಸುಟ್ಟ ಕಂಪ್ಯೂಟರಿನಲ್ಲಿ ಉಳಿದಿದ್ದ ಸಣ್ಣ ಫ್ಯಾನನ್ನು ಬಿಚ್ಚಿ ಕಾರ್ಡಿನ ಎದುರಿಗೆ ಕಟ್ಟಿದೆ. ಟಾರ್ಚು ಹಿಡಿದವಳು ಆಕೆಯೇ.

"ಇದಕ್ಕೂ ಜ್ವರಾನಾ ಮೇಡಂ?" ಎಂದಳು.

ಇಳಿಯುತ್ತದೆ ಎಂದೆ.

ಆ ಸಂಜೆ ಮಾರನೆಯ ದಿನಕ್ಕೆಂದು ಟ್ರೇಯನ್ನು ಸರದಿಯಂತೆ ಜೋಡಿಸಿದೆ. ಮೊದಲು ಬಂದದ್ದು ಮೊದಲು. ಯಾರ ಶಿಫಾರಸಿಗೂ ಈ ಕ್ರಮ ಮುರಿದವಳಲ್ಲ. ಆಕೆಯ ಸ್ಲೈಡು ಟ್ರೇಯ ಕೊನೆಯ ಜಾಗದಲ್ಲಿತ್ತು. ಅದಕ್ಕೂ ಮೊದಲೊಮ್ಮೆ ಹಾಗಿದ್ದುದನ್ನು ನಾನೇ ಸರಿಪಡಿಸಿದ್ದೆ, ಕೈತಪ್ಪೆಂದುಕೊಂಡು. ಮತ್ತೆ ಅದರ ಜಾಗಕ್ಕೆ ಇಟ್ಟು, ನೆಲ ಒರೆಸುತ್ತಿದ್ದವಳಿಗೆ ಬೀಗ ಹಾಕಲು ಹೇಳಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದಾಗ ಅದು ಕೊನೆಯಲ್ಲಿತ್ತು. ಟ್ರೇ ಮುಟ್ಟುವವರು ನಾವಿಬ್ಬರೇ.

ನಾನು ಕಾರ್ಡಿನ ಹಿಂದೆ ಬಿದ್ದಿದ್ದಷ್ಟು ದಿನವೂ ಆಕೆ ಕಾದಿದ್ದು ಅದು ಕೆಲಸ ಮಾಡದಿರಲಿ ಎಂದು.

ಆಕೆಯ ಎದುರಿಗೇ ಸ್ಲೈಡನ್ನು ಎತ್ತಿ ಅದರ ಜಾಗದಲ್ಲಿಟ್ಟೆ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದವಳು, "ಅದು ಕೊನೇಲೇ ಇರ್ಲಿ ಮೇಡಂ," ಎಂದಳು.

"ಕೊನೇಲಿಟ್ರೂ ಇವತ್ತೇ ಆಗುತ್ತೆ."

"ಹನ್ನೆರಡ್ ಗಂಟೆವರ್ಗಾದ್ರೂ ಟೈಮ್ ಇರುತ್ತಲ್ಲ." ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದುತ್ತ ಹೇಳಿದಳು: "ಕವರ್ ತೊಗೊಂಡೋರು ಹೊರ್ಗಡೆ ಮೆಟ್ಲು ಮೇಲೆ ಕೂತ್ಬಿಡ್ತಾರಲ್ಲ, ಅವ್ರನ್ನ ಎಬ್ಸಿ ನೀರ್ ಕೊಟ್ಟು ಕಳ್ಸೋದು ನಾನು. ಗೊತ್ತಾಗೋವರ್ಗೂ ನಾನು ಇಲ್ಲಿ ಕೆಲ್ಸದೋಳು ಮೇಡಂ. ಆಮೇಲೆ ಪೇಷಂಟು."

ಇದ್ದರೆ ಅದು ಈಗಲೂ ಇದೆ, ನಾವು ನೋಡದಿದ್ದರೆ ಹೋಗುವುದಿಲ್ಲ, ಬೆಳೆಯುತ್ತದೆ ಎಂದೆ. ಆಕೆಗೆ ಗೊತ್ತಿಲ್ಲದ್ದೇನೂ ನಾನು ಹೇಳುತ್ತಿರಲಿಲ್ಲ. ಕೆಳಗೆ ಹೋಗಿ ಬೇಕರಿಯಲ್ಲಿ ಟೀ ಕುಡಿದು ಬಾ, ಇವತ್ತು ಸ್ಲೈಡು ನಾನೇ ಎತ್ತಿಕೊಳ್ಳುತ್ತೇನೆ ಎಂದೂ ಹೇಳಿದೆ.

"ಬೇಡ. ನಾನೇ ಕೊಡ್ತೀನಿ," ಎಂದು ಬಟ್ಟೆ ಹಿಂಡಿ ಒಣಹಾಕಿ, ಕೈ ತೊಳೆದು ಬಂದು ತನ್ನ ಜಾಗದಲ್ಲಿ ನಿಂತಳು.

ನಮ್ಮ ಕೆಲಸಕ್ಕೊಂದು ಲಯವಿತ್ತು. ಆಕೆ ಸ್ಲೈಡು ಕೊಡುತ್ತಾಳೆ, ನಾನು ಒಳಗಿಡುತ್ತೇನೆ, ಚಿತ್ರ ಬರುತ್ತದೆ. ಪೂರ್ತಿ ಬಂದಿದೆಯೇ, ಮಸುಕಿಲ್ಲವೇ ಎಂದು ನೋಡಿ, ಸ್ಲೈಡು ಹಿಂತಿರುಗಿಸಿ, "ಮುಂದಿನದು" ಎನ್ನುತ್ತೇನೆ. ಅಷ್ಟು ವರ್ಷಗಳಲ್ಲಿ ಪರದೆಯ ಮೇಲೆ ಏನೇನೋ ಕಂಡಿದ್ದೇನೆ, ಚಿಕ್ಕ ಮಕ್ಕಳದೂ ಕಂಡಿದ್ದೇನೆ. "ಮುಂದಿನದು" ಎನ್ನುವ ನನ್ನ ದನಿ ಏರಿದ್ದಿಲ್ಲ, ಇಳಿದದ್ದಿಲ್ಲ.

ಫ್ಯಾನು ಗೊರಗೊರ ಸದ್ದು ಮಾಡುತ್ತಿತ್ತು. ದೀಪ ಆರಲಿಲ್ಲ. ಮೊದಲ ಸ್ಲೈಡು ಪೂರ್ತಿ ಬಂತು. ಎರಡನೆಯದೂ ಬಂತು. ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಚೌಕ ಚೌಕವಾಗಿ ತಡೆದು ತಡೆದು ತುಂಬುತ್ತಿತ್ತು. ನೋಡುವವರಿಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಈಗ ಹಾಗಿಲ್ಲ. ಇಟ್ಟೆ ಎನ್ನುವಷ್ಟರಲ್ಲಿ ನೇರಳೆ, ಗುಲಾಬಿ ಬಣ್ಣಗಳು ಪರದೆಯ ತುಂಬ ಹರಡಿಬಿಡುತ್ತಿದ್ದವು.

ಆಕೆಯ ಸರದಿ ಬಂತು. ಬೆರಳಿನ ಗುರುತು ಬೀಳದ ಹಾಗೆ ಅಂಚನ್ನು ಹಿಡಿದು, ಎಂದಿನಂತೆ ಕೊಟ್ಟಳು. ಒಳಗಿಟ್ಟೆ.

ಚಿತ್ರ ಬಂತು. ಸಾಲಾಗಿ ಇರಬೇಕಾದ ಜೀವಕೋಶಗಳು ಸಾಲು ಬಿಟ್ಟಿದ್ದವು. ಗುಂಪುಗುಂಪಾಗಿ, ಒಂದು ದೊಡ್ಡದು ಒಂದು ಚಿಕ್ಕದು, ಕಪ್ಪಗೆ, ಪಕ್ಕದ ಕೊಬ್ಬಿನೊಳಕ್ಕೆ ನುಗ್ಗಿದ್ದವು. ಡಾಕ್ಟರು ಏನು ಬರೆಯುತ್ತಾರೆಂದು ನನಗೆ ತಿಳಿಯಿತು. ಅದನ್ನೇ ಬರೆದರು, ಮಾರನೆಯ ದಿನ.

ಚಿತ್ರ ಪೂರ್ತಿ ಬಂದಿದೆಯೇ ಎಂದು ನೋಡಿದೆ. ಮಸುಕಿರಲಿಲ್ಲ. ಸ್ಲೈಡು ಹೊರತೆಗೆದು ಹಿಂತಿರುಗಿಸಿದೆ. ಕಳುಹಿಸುವ ಗುಂಡಿ ಒತ್ತಿದೆ. ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆನೆಂದುಕೊಂಡಿದ್ದೆ. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ತಿರುಗಿ ನೋಡಿದರೆ ಆಕೆ ಇನ್ನೊಬ್ಬರ ಸ್ಲೈಡನ್ನು ಎತ್ತಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಬಾಯಿಂದ ಬರಬೇಕಾಗಿದ್ದ ಮಾತು ಬಂದಿರಲಿಲ್ಲ.

"ಮುಂದಿನದು ಕೊಡ್ಲಾ ಮೇಡಂ?" ಎಂದಳು.

ನಾನು ಕೈ ಚಾಚಿದೆ. ಆಕೆ ಅದನ್ನೂ ಅಂಚು ಹಿಡಿದೇ ಕೊಟ್ಟಳು.